ಮೊಟ್ಟೆ ಹೆಕ್ಕಿದರೂ ಸೊರಗದ ಕೇಮನ್

ವರ್ಷವರ್ಷವೂ ಕಾಡಿನಿಂದ ಮೊಟ್ಟೆ ಹೊತ್ತು ತಂದು, ಮರಿ ಮಾಡಿಸಿ, ಅವುಗಳಲ್ಲಿ ಹಲವನ್ನು ಚರ್ಮಕ್ಕಾಗಿ ಕೊಲ್ಲುತ್ತಾರೆ. ಆದರೂ ಕಾಡಿನಲ್ಲಿ ಆ ಪ್ರಾಣಿಯ ಸಂಖ್ಯೆ ಏರಿದೆ. ಅರ್ಜೆಂಟೀನಾದ ಸಾಂತಾ ಫೆ ಪ್ರಾಂತ್ಯದ ಈ ಸಂಗತಿ ಕೇಳಿದಾಗ ಯಾರಿಗಾದರೂ ಅನುಮಾನ ಬರುತ್ತದೆ, ಬರಬೇಕು ಕೂಡ. ಇದರ ಲೆಕ್ಕಾಚಾರ ಕೇಮನ್‌ನ ಬದುಕಿನ ಕ್ರಮದಲ್ಲೇ ಇದೆ.

ಕೇಮನ್ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೊಸಳೆ. ಅಲಿಗೇಟರ್‌ಗೆ ಹತ್ತಿರದ ಬಳಗ, ನಮ್ಮ ಕಾಳಿ, ಕಾವೇರಿ ನದಿಗಳ ಮಗ್ಗರ್ ಮೊಸಳೆಗೆ ದೂರದ ನೆಂಟ. ಸಾಂತಾ ಫೆಯ ಜೌಗುಗಳಲ್ಲಿರುವುದು ಅಗಲ ಮೂತಿಯ ಕೇಮನ್. ಅಲ್ಲಿಯವರು ಅದನ್ನು ಯಾಕಾರೆ ಓವೆರೊ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಮೀಟರ್ ಆಸುಪಾಸಿನ ಪ್ರಾಣಿ. ಬಸವನಹುಳು, ಏಡಿ, ಮೀನು ಇದರ ಮುಖ್ಯ ಆಹಾರ.

ಡಿಸೆಂಬರ್-ಜನವರಿಯಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಹೆಣ್ಣು ಹುಲ್ಲು, ಎಲೆ, ಕಡ್ಡಿ, ಮಣ್ಣನ್ನು ಗುಡ್ಡೆ ಹಾಕಿ ಅದರೊಳಗೆ ಮೂವತ್ತರಿಂದ ನಲವತ್ತು ಮೊಟ್ಟೆ ಇಡುತ್ತದೆ. ತಿಪ್ಪೆ ಕೆದಕಿದರೆ ಬಿಸಿ ತಾಕುತ್ತದಲ್ಲ, ಅದೇ ಕೊಳೆಯುವ ಕಾವು ಇಲ್ಲಿಯೂ ಮೊಟ್ಟೆಗೆ ಒದಗುತ್ತದೆ. ಮರಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವುದೂ ಈ ಕಾವೇ. ಪ್ರಯೋಗಾಲಯದಲ್ಲಿ 29 ಮತ್ತು 31 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಮೊಟ್ಟೆಗಳಿಂದ ಬಂದದ್ದೆಲ್ಲ ಹೆಣ್ಣು, 33ರಲ್ಲಿ ಬಂದದ್ದೆಲ್ಲ ಗಂಡು. ಸುಮಾರು ಎಪ್ಪತ್ತು ದಿನಗಳ ಮೇಲೆ ಮರಿಗಳು ಚಿಪ್ಪಿನೊಳಗಿಂದಲೇ ಕೂಗುತ್ತವೆ. ತಾಯಿ ಗೂಡು ಬಗೆದು, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಬಿಡುತ್ತದೆ.

ಅಷ್ಟು ದಿನ ಎಲ್ಲ ಗೂಡೂ ಉಳಿಯುವುದಿಲ್ಲ. ನೆರೆ ಬಂದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ತೇಗು ಎಂಬ ದೊಡ್ಡ ಹಲ್ಲಿ ಮತ್ತು ನರಿ ಗೂಡು ಬಗೆಯುತ್ತವೆ. ಹೊರಬಂದ ಮರಿಗಳಿಗೆ ಕೊಕ್ಕರೆ, ದೊಡ್ಡ ಮೀನು, ಮೊದಲ ಚಳಿಗಾಲ ಎಲ್ಲವೂ ವೈರಿಗಳೇ. ಮರಿಗಳಲ್ಲಿ ಹೆಚ್ಚಿನವು ಒಂದು ವರ್ಷ ಮುಟ್ಟುವುದಿಲ್ಲ. ಆದರೆ ಬಲಿತ ಹೆಣ್ಣು ಸುಲಭಕ್ಕೆ ಸಾಯುವುದಿಲ್ಲ, ಹಲವು ವರ್ಷ ಮೊಟ್ಟೆ ಇಡುತ್ತದೆ. ಗುಟ್ಟು ಇಲ್ಲಿದೆ: ಹೇಗೂ ಹಾಳಾಗಲಿದ್ದ ಮೊಟ್ಟೆ ತೆಗೆದರೆ ಕಾಡಿಗೆ ನಷ್ಟ ಕಡಿಮೆ, ಬಲಿತ ಹೆಣ್ಣನ್ನು ಹೊಡೆದರೆ ಮುಂದಿನ ವರ್ಷಗಳ ಎಲ್ಲ ಗೂಡುಗಳನ್ನೂ ಹೊಡೆದಂತೆ. ಇಪ್ಪತ್ತನೇ ಶತಮಾನದ ಚರ್ಮ ಬೇಟೆಗಾರರು ಮಾಡಿದ್ದು ಈ ಎರಡನೆಯದನ್ನು.

1990ರಲ್ಲಿ ಶುರುವಾದ ‘ಪ್ರೊಯೆಕ್ತೊ ಯಾಕಾರೆ’ ಯೋಜನೆ ಮೊದಲನೆಯ ದಾರಿ ಹಿಡಿಯಿತು. ಜೌಗಿನಲ್ಲಿ ದನ ಮೇಯಿಸುವ ಗಾವುಚೊಗಳಿಗೆ ಗೂಡು ಎಲ್ಲಿದೆಯೆಂಬುದು ವಿಜ್ಞಾನಿಗಳಿಗಿಂತ ಚೆನ್ನಾಗಿ ಗೊತ್ತು. ಅವರು ಮೊಟ್ಟೆ ತಂದುಕೊಟ್ಟರೆ ಹಣ. ತರುವ ಬಗೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಇಟ್ಟ ಸ್ವಲ್ಪ ಹೊತ್ತಿಗೇ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಮಗುಚಿದರೆ ಅದು ಸಾಯುತ್ತದೆ. ಹಾಗಾಗಿ ಮೇಲ್ಮೈಗೆ ಪೆನ್ಸಿಲ್ ಗುರುತು ಹಾಕಿ, ಅದೇ ಮಗ್ಗುಲಲ್ಲೇ, ಗೂಡಿನದೇ ಹುಲ್ಲಿನ ಹಾಸಿನ ಮೇಲೆ ಸಾಗಿಸಬೇಕು. ಕೋಳಿಮೊಟ್ಟೆಯನ್ನು ದಿನಕ್ಕೆ ಹಲವು ಸಲ ತಿರುಗಿಸುವ ಅಭ್ಯಾಸ ಇಲ್ಲಿ ನಡೆಯದು.

ಹುಟ್ಟಿದ ಮರಿಗಳ ಬಾಲದ ಹುರುಪೆಗಳನ್ನು ನಿರ್ದಿಷ್ಟ ಕ್ರಮದಲ್ಲಿ ಕತ್ತರಿಸಿ ಗುರುತು ಮಾಡುತ್ತಾರೆ. ಚಳಿಗಾಲವನ್ನು ಬೆಚ್ಚಗಿನ ಕೊಟ್ಟಿಗೆಯಲ್ಲಿ ಕಳೆದ ಮೇಲೆ, ಕಾಡಿನಲ್ಲಿ ತಾವಾಗಿ ಉಳಿಯಬಹುದಾಗಿದ್ದಷ್ಟು ಮರಿಗಳನ್ನಾದರೂ ಜೌಗಿಗೆ ಮರಳಿ ಬಿಡುತ್ತಾರೆ, ಮಿಕ್ಕವು ಚರ್ಮ ಮತ್ತು ಮಾಂಸಕ್ಕೆ. ಹೀಗೆ ಬಿಟ್ಟ ಹೆಣ್ಣುಗಳು ಸುಮಾರು ಒಂಬತ್ತು-ಹತ್ತು ವರ್ಷದ ಪ್ರಾಯದಲ್ಲಿ ಕಾಡಿನಲ್ಲಿ ಗೂಡು ಕಟ್ಟಿದ್ದು ಬಾಲದ ಗುರುತಿನಿಂದಲೇ ಪತ್ತೆಯಾಯಿತು. 1997ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಅರ್ಜೆಂಟೀನಾದ ಈ ಕೇಮನ್‌ಗಳನ್ನು ವ್ಯಾಪಾರ ನಿಷೇಧದ ಒಂದನೇ ಪಟ್ಟಿಯಿಂದ ನಿಯಂತ್ರಿತ ವ್ಯಾಪಾರದ ಎರಡನೇ ಪಟ್ಟಿಗೆ ಇಳಿಸಿತು.

ಸಾಕಣೆಯಲ್ಲಿ ರೋಗ ಬರುವುದು ಬಹುಪಾಲು ಮನುಷ್ಯರ ಅಜಾಗರೂಕತೆಯಿಂದ. ಕೇಮನ್‌ನ ಮೈಕಾವು ಹೊರಗಿನ ಕಾವನ್ನು ಹಿಂಬಾಲಿಸುತ್ತದೆ. ನೀರು ತಣ್ಣಗಾದರೆ ತಿಂದದ್ದು ಅರಗದು, ರೋಗನಿರೋಧಕ ಶಕ್ತಿಯೂ ಕುಂದುತ್ತದೆ. ಚಳಿ, ನೀರಿನ ಕೊರತೆ ಅಥವಾ ಅತಿಯಾದ ಆಹಾರದಿಂದ ಯೂರಿಕ್ ಆಮ್ಲ ಕೀಲು ಮತ್ತು ಮೂತ್ರಪಿಂಡಗಳಲ್ಲಿ ಕಟ್ಟಿಕೊಂಡು ಗೌಟ್ ಆಗುತ್ತದೆ, ಪ್ರಾಣಿ ಕಾಲೆಳೆಯುತ್ತದೆ. ಬರೀ ಮಾಂಸ ಹಾಕಿದರೆ ಕ್ಯಾಲ್ಸಿಯಂ ಸಾಲದೆ ದವಡೆ ಬಾಗುವಷ್ಟು ಮೆತ್ತಗಾಗುತ್ತದೆ. ಅದಕ್ಕೇ ಕೋಳಿ ತಲೆಗಳನ್ನು ಮೂಳೆಸಮೇತ ಅರೆದು ಕೊಡುವುದು ರೂಢಿ. ಹಳಸಿದ ಮೀನಿನ ಕೊಬ್ಬು ವಿಟಮಿನ್ ಇ ಕೊರತೆ ತರುತ್ತದೆ. ಮರಿಗಳ ಮೈಮೇಲೆ ಬೂದು-ಬಿಳಿ ಕಲೆ ಎಬ್ಬಿಸುವ ಕೇಮನ್ ಸಿಡುಬು ವೈರಸ್‌ನದು. ಅದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಚರ್ಮವನ್ನು ಕೆಡಿಸುತ್ತದೆ, ಯಜಮಾನನಿಗೆ ನೋವು ಅಲ್ಲಿ. ಬೆದರಿದ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟುವುದೂ ಉಂಟು. ಔಷಧಿಗಿಂತ ಮೊದಲು ನೋಡಬೇಕಾದದ್ದು ನೀರಿನ ಕಾವು, ಶುಚಿ ಮತ್ತು ಜಾಗ.

ಹೊರಗಿನ ಅಪಾಯ ಬೇರೆ. ಸಾಂತಾ ಫೆಯ ಸುತ್ತ ಸೋಯಾ ಹೊಲಗಳು ಹಬ್ಬಿವೆ. ಅಲ್ಲಿನ ಸಂಶೋಧಕರು ಕೇಮನ್ ಮೊಟ್ಟೆಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಮತ್ತು ಅಟ್ರಾಜಿನ್ ಕಳೆನಾಶಕ ತಾಗಿಸಿ ನೋಡಿದಾಗ ಮರಿಗಳು ಕಡಿಮೆ ತೂಕದವಾಗಿದ್ದವು. ಗ್ಲೈಫೊಸೇಟ್ ಕಳೆನಾಶಕ ಭ್ರೂಣದ ಡಿಎನ್‌ಎಗೆ ಹಾನಿ ಮಾಡಿತ್ತು. ದಕ್ಷಿಣ ಕನ್ನಡದ ಗೇರು ತೋಟಗಳ ನೆನಪಿರುವವರಿಗೆ ಎಂಡೋಸಲ್ಫಾನಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ.

ಎಲ್ಲ ಸಾಕಣೆಯೂ ಒಂದೇ ಅಲ್ಲ. ಕೊಲಂಬಿಯಾದಲ್ಲಿ ತಾಯಿ-ತಂದೆ ಪ್ರಾಣಿಗಳನ್ನೂ ಬೇಲಿಯೊಳಗೇ ಇಟ್ಟು ಮರಿ ಮಾಡಿಸುವ ಪದ್ಧತಿ ಬೆಳೆಯಿತು. ಅಲ್ಲಿ ಕಾಡಿನ ಚರ್ಮವನ್ನು ಸಾಕಿದ್ದೆಂದು ತೋರಿಸುವ ಮೋಸ ಹೆಚ್ಚಿ, ಮರಿಗಳಿಗೆ ಬಾಲದ ಗುರುತನ್ನು ಕಡ್ಡಾಯ ಮಾಡಬೇಕಾಯಿತು. ನನ್ನ ಮಟ್ಟಿಗೆ ಬೇಲಿಯೊಳಗಿನ ಸಾಕಣೆಯಿಂದ ಜೌಗಿಗೆ ಏನೂ ಲಾಭವಿಲ್ಲ. ಗೂಡಿನಿಂದ ಹಣ ಸಿಗದ ಜಮೀನುದಾರ ಜೌಗನ್ನು ಬತ್ತಿಸಿ ಸೋಯಾ ಬಿತ್ತುತ್ತಾನೆ.

ಭಾರತದ್ದು ಮೂರನೆಯ ದಾರಿ. 1975ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಇಲ್ಲಿಯೂ ಮೊಟ್ಟೆ ಹೆಕ್ಕಿ, ಮರಿ ಬೆಳೆಸಿ ನದಿಗೆ ಬಿಡುವ ಕೆಲಸ ಆರಂಭವಾಯಿತು. ಚರ್ಮದ ವ್ಯಾಪಾರಕ್ಕೆ ಮಾತ್ರ ನಮ್ಮ ಕಾನೂನು ಬಾಗಿಲು ತೆರೆಯಲಿಲ್ಲ, ತೆರೆಯುವ ಅಗತ್ಯವೂ ನನಗೆ ಕಾಣುವುದಿಲ್ಲ. ಆದರೆ ನದಿದಡದಲ್ಲಿ ಮಗ್ಗರ್ ಗೂಡು ಇರುವುದು ಮೊದಲು ತಿಳಿಯುವುದು ಬಲೆ ಬೀಸುವವರಿಗೆ, ದನ ಕಾಯುವವರಿಗೆ. ಆ ಗೂಡು ಮರಿಯಾಗುವ ತನಕ ಕಾದವರಿಗೆ ಅರಣ್ಯ ಇಲಾಖೆ ಕೂಲಿ ಕೊಡಲಿ.