ಹೆಸರು ಬದಲಾದರೆ ದಾರಿ ತಪ್ಪಬೇಕೆ?

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ತಮ್ಮ ತಂದೆಯವರಾದ ಚಾಮರಾಜ ಒಡೆಯರು ಅಲ್ಲಿ ಜನಿಸಿದುದರಿಂದ, ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈಗಿನ ಹೆಸರನ್ನಿತ್ತರು. ಹೆಸರು ಬದಲಾಯಿತೇ ಹೊರತು ಊರಿಗೆ ಹೋಗುವ ದಾರಿ ಬದಲಾಗಲಿಲ್ಲ.

ಅಂತರಜಾಲದಲ್ಲಿ ಹಾಗಲ್ಲ, ಅಲ್ಲಿ ಹೆಸರೇ ದಾರಿ. ಸಣ್ಣದೊಂದು ತಂತ್ರಜ್ಞಾನ ಸಂಸ್ಥೆಯು ಹೆಸರನ್ನು ಬದಲಿಸಿಕೊಂಡು, ತನ್ನ ಜಾಲತಾಣವನ್ನು ಹೊಸದಾಗಿ ರಚಿಸಿತೆನ್ನೋಣ. ಹೊಸ ಬಣ್ಣ, ಹೊಸ ಲಾಂಛನಗಳನ್ನು ನಾವು ಮೆಚ್ಚುತ್ತೇವೆ. ಆದರೆ ಪುಟಗಳ ವಿಳಾಸವೂ ಬದಲಾದರೆ, ಹಳೆಯ ವಿಳಾಸವನ್ನು ಹಿಡಿದು ಬಂದವರಿಗೆ ಸರ್ವರ್ ಯಂತ್ರವು 404 ಎಂಬ ಸಂಕೇತವನ್ನು ಕಳುಹಿಸುತ್ತದೆ. ಕೇಳಿದ ಪುಟವಿಲ್ಲವೆಂದು ಅದರ ಅರ್ಥ.

ಇದಕ್ಕೆ ಪರಿಹಾರ 301 ಎಂಬ ಇನ್ನೊಂದು ಸಂಕೇತ. ಪ್ರತಿಯೊಂದು ಹಳೆಯ ವಿಳಾಸದ ಎದುರಿಗೆ ಹೊಸದನ್ನು ಬರೆದ ಪಟ್ಟಿಯನ್ನು ಸರ್ವರಿಗೆ ಒಪ್ಪಿಸಿದರೆ, ಪುಟವು ಶಾಶ್ವತವಾಗಿ ಸ್ಥಳ ಬದಲಿಸಿದೆಯೆಂದು ಅದು ತಿಳಿಸುತ್ತದೆ. ಬ್ರೌಸರ್ ತಾನಾಗಿಯೇ ಹೊಸ ಎಡೆಗೆ ಹೋಗುತ್ತದೆ. ಶೋಧಯಂತ್ರಗಳೂ ತಮ್ಮ ಸೂಚಿಯನ್ನು ತಿದ್ದಿಕೊಳ್ಳುತ್ತವೆ.

ಹಾಗೆಂದು ಹಳೆಯ ಹೆಸರನ್ನು ಕೈಬಿಡಲಾಗದು. ನೆರೆಯ ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿದ್ದಿತು. 2014ರಲ್ಲಿ ಬಿಜಾಪುರಕ್ಕೆ ಅಧಿಕೃತವಾಗಿ ಆ ಹೆಸರೇ ಬಂದಿತು. ಇಂದು ವಿಜಯಪುರವೆಂದರೆ ಗುಂಡ್ಲುಪೇಟೆಯ ನೆನಪು ಯಾರಿಗೆ ತಾನೆ ಬಂದೀತು? ಡೊಮೇನ್ ಹೆಸರನ್ನೂ ನಾವು ನಿಗದಿಯಾದ ಅವಧಿಗೆ ಮಾತ್ರ ಪಡೆಯುತ್ತೇವೆ. ನವೀಕರಿಸದಿದ್ದರೆ ಅದನ್ನು ಬೇರೆಯವರು ಕೊಳ್ಳಬಹುದು. ಊರುಗಳಲ್ಲಿ ಇದು ಕುತೂಹಲದ ಸಂಗತಿಯಷ್ಟೆ. ಜಾಲದಲ್ಲಿಯಾದರೋ ಹಳೆಯ ವಿಳಾಸಕ್ಕೆ ಗ್ರಾಹಕರು ಬರೆದ ಮಿಂಚಂಚೆ ವಂಚಕರ ಕೈ ಸೇರೀತು.

ಆದುದರಿಂದ ಹೊಸ ಹೆಸರಿನ ಫಲಕವನ್ನು ತೂಗಹಾಕುವವರು, ಹಳೆಯ ಬಾಗಿಲಲ್ಲಿ ದಾರಿ ಹೇಳುವವನೊಬ್ಬನನ್ನು ನಿಲ್ಲಿಸಲು ಮರೆಯಬಾರದು.