ಬಾಯಿಯ ಕ್ಯಾನ್ಸರ್: ಹುಕ್ಕೇರಿ–ಗೋಕಾಕ ಪರಿಸರದ ಹಿನ್ನೆಲೆಯಲ್ಲಿ ಒಂದು ಅವಲೋಕನ

ಕ್ಯಾನ್ಸರ್ ರೋಗಗಳಲ್ಲಿ ಬರಿಗಣ್ಣಿಗೆ ಗೋಚರಿಸುವಂಥವು ಕೆಲವೇ. ಬಾಯಿಯ ಕ್ಯಾನ್ಸರ್ ಅವುಗಳಲ್ಲಿ ಒಂದು. ಆದರೂ ಭಾರತದಲ್ಲಿ ಅದು ಬಹುಮಟ್ಟಿಗೆ ತಡವಾಗಿಯೇ ಪತ್ತೆಯಾಗುತ್ತಿರುವುದು ವಿಪರ್ಯಾಸ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ಪ್ರಕರಣಗಳು ಸುಮಾರು 3.9 ಲಕ್ಷ. ಅವುಗಳಲ್ಲಿ ಸುಮಾರು 1.44 ಲಕ್ಷ ಭಾರತದವು. ಅದೇ ವರ್ಷ ದೇಶದಲ್ಲಿ ಈ ರೋಗದಿಂದ ಮಡಿದವರು ಸುಮಾರು 80 ಸಾವಿರ.

ರೋಗದ ನೆಲೆಯೇ ಅದರ ಕಾರಣವನ್ನು ಸೂಚಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದರೆ, ಭಾರತದಲ್ಲಿ ಗಲ್ಲದ ಒಳಮೈ ಹಾಗೂ ಕೆಳವಸಡು ಹೆಚ್ಚಾಗಿ ರೋಗಗ್ರಸ್ತವಾಗುತ್ತವೆ. ಸುಣ್ಣ ಬೆರೆಸಿ ತಿಕ್ಕಿದ ತಂಬಾಕನ್ನು, ಎಲೆ-ಅಡಿಕೆಯನ್ನು ಗಂಟೆಗಟ್ಟಲೆ ಒತ್ತರಿಸಿ ಇಡುವ ಜಾಗವೂ ಅದೇ ಆಗಿದೆ. ತಂಬಾಕು ಬೆರೆಯದ ಅಡಿಕೆಯೂ ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ಮೇಲ್ಕಂಡ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ನಿರ್ಣಯಿಸಿದೆ. ಅಡಿಕೆಯ ದೀರ್ಘಕಾಲದ ಸೇವನೆಯಿಂದ ಬಾಯಿಯ ಒಳಪದರ ನಾರುಗಟ್ಟಿ, ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ ಉಂಟಾಗುತ್ತದೆ. ಇದು ಕ್ಯಾನ್ಸರಿಗೆ ಪೂರ್ವಭಾವಿಯಾದ ಲಕ್ಷಣಗಳಲ್ಲಿ ಒಂದು. ಧೂಮಪಾನ ಮತ್ತು ಮದ್ಯಪಾನ ಜೊತೆಗೂಡಿದಾಗ ಅಪಾಯ ಇಮ್ಮಡಿಗಿಂತ ಮಿಗಿಲಾಗುತ್ತದೆ.

ಬೆಳಗಾವಿ ಜಿಲ್ಲೆಯ ವಾಯವ್ಯ ಭಾಗದ ನಿಪ್ಪಾಣಿ ಬೀಡಿ ತಂಬಾಕಿನ ಪ್ರಸಿದ್ಧ ಪೇಟೆ. 1981ರ ತಂಬಾಕು ಬೆಳೆಗಾರರ ಚಳವಳಿ ನಡೆದದ್ದು ಅಲ್ಲಿಯೇ. ಅದರ ನೆರೆಯ ಹುಕ್ಕೇರಿ, ಘಟಪ್ರಭಾ ತೀರದ ಗೋಕಾಕ ಹಾಗೂ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ, ಇವೆಲ್ಲ ಬಹುಮಟ್ಟಿಗೆ ಕೃಷಿಕರ ಮತ್ತು ಕೂಲಿಕಾರರ ಪ್ರದೇಶಗಳು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ತಂಬಾಕು ಬಳಸುತ್ತಿದ್ದರು. ಶೇ. 16.3ರಷ್ಟು ಜನರಲ್ಲಿ ಹೊಗೆರಹಿತ ತಂಬಾಕಿನ ಬಳಕೆಯಿದ್ದರೆ, ಧೂಮಪಾನಿಗಳು ಶೇ. 8.8 ಮಾತ್ರ. ರಾಜ್ಯದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತಾದರೂ ಪಾನ್ ಮಸಾಲ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವ ರೂಢಿ ಬೆಳೆಯಿತು.

ಈ ಪರಿಸರದ ರೋಗಪ್ರಮಾಣವನ್ನು ಅಳೆಯುವಲ್ಲಿ ಒಂದು ತೊಡಕಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಗೆ ಆಧಾರವಾದ 28 ಜನಸಂಖ್ಯಾಧಾರಿತ ನೋಂದಣಿ ಕೇಂದ್ರಗಳಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ನೆರೆಯ ಮಹಾರಾಷ್ಟ್ರದಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಗ್ರಾಮೀಣ ನೋಂದಣಿ 1987ರಷ್ಟು ಹಿಂದೆಯೇ ಆರಂಭವಾಗಿತ್ತು. ಆಸ್ಪತ್ರೆಯ ದಾಖಲೆಗಳು ಈ ಕೊರತೆಯನ್ನು ತುಂಬಲಾರವು. ಹೆದ್ದಾರಿಯ ಮೇಲಿನ ಹತ್ತರಗಿಯಂಥ ಊರಿನ ರೋಗಿ ಬೆಳಗಾವಿಗೂ ಹೋಗಬಹುದು, ಹುಬ್ಬಳ್ಳಿಗೂ ಹೋಗಬಹುದು. ಗಡಿ ದಾಟಿ ಕೊಲ್ಹಾಪುರಕ್ಕೋ ಮೀರಜಕ್ಕೋ ತೆರಳಬಹುದು. ಒಂದು ಊರಿನ ರೋಗಿಗಳ ಲೆಕ್ಕ ಎರಡು ರಾಜ್ಯಗಳ ಕಡತಗಳಲ್ಲಿ ಚದುರಿಹೋಗುತ್ತದೆ. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರ ಲೆಕ್ಕವಂತೂ ಎಲ್ಲಿಯೂ ಸಿಗದು.

ಬದುಕುಳಿಯುವ ಸಾಧ್ಯತೆ ಪ್ರಧಾನವಾಗಿ ರೋಗದ ಹಂತವನ್ನು ಅವಲಂಬಿಸಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದ ಹಂತದಲ್ಲಿಯೇ ಬಾಯಿಯ ಗಡ್ಡೆಯೊಡನೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದ ರೋಗಿಗಳಲ್ಲಿ ಶೇ. 80ರಷ್ಟು ಜನ ಮೂರು ವರ್ಷಗಳ ನಂತರ ಜೀವಂತರಿದ್ದರು. ಗ್ರಂಥಿಗಳಲ್ಲಿ ರೋಗ ಮರುಕಳಿಸಿದ ಮೇಲೆ ಅವನ್ನು ತೆಗೆಯುವ ಕ್ರಮ ಅನುಸರಿಸಿದವರಲ್ಲಿ ಈ ಪ್ರಮಾಣ ಶೇ. 67.5. ಆದರೆ 2020ರ ವರದಿಯಂತೆ ದೇಶದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಮೂರನೆಯ ಎರಡು ಭಾಗದಷ್ಟು ಜನರಲ್ಲಿ, ರೋಗ ಸುತ್ತಲಿನ ಭಾಗಗಳಿಗೆ ವ್ಯಾಪಿಸಿದ ಮೇಲೆಯೇ ಅದು ಪತ್ತೆಯಾಗಿತ್ತು.

ಪರಿಹಾರದ ದಾರಿಯನ್ನು ಕೇರಳದ ತಿರುವನಂತಪುರದ ಪ್ರಯೋಗ ತೋರಿಸಿಕೊಟ್ಟಿದೆ. ಅಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯದ ಚಟವುಳ್ಳವರಲ್ಲಿ ಬಾಯಿಯ ಕ್ಯಾನ್ಸರಿನ ಮರಣ ಶೇ. 34ರಷ್ಟು ಇಳಿದಿತ್ತು. ಒಟ್ಟು ಜನಸಂಖ್ಯೆಯಲ್ಲಿ ಇಳಿಕೆ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದುದರಿಂದ ತಪಾಸಣೆ ಮೊದಲು ತಲುಪಬೇಕಾದುದು ಚಟವುಳ್ಳವರನ್ನು.

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಮೂವತ್ತು ವರ್ಷ ಮೀರಿದವರ ಬಾಯಿಯ ತಪಾಸಣೆಗೆ ಅವಕಾಶ ಕಲ್ಪಿಸಿದೆ. ಗಡಿಭಾಗದ ತಾಲೂಕುಗಳಲ್ಲಿ ಈ ತಪಾಸಣೆಯ ವಿವರಗಳನ್ನು ರೋಗಿಯ ಊರಿನ ಹೆಸರಿನೊಡನೆ ದಾಖಲಿಸಿ, ಎರಡೂ ರಾಜ್ಯಗಳ ಆಸ್ಪತ್ರೆಗಳ ಕಡತಗಳೊಡನೆ ಜೋಡಿಸಿದರೆ ರೋಗಿಗೂ ಸಂಶೋಧಕರಿಗೂ ಪ್ರಯೋಜನವಾಗುತ್ತದೆ. ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ: ಈ ಲಕ್ಷಣಗಳಲ್ಲಿ ಒಂದಾದರೂ ಇರುವವರನ್ನು ವಿಳಂಬವಿಲ್ಲದೆ ವೈದ್ಯರಲ್ಲಿಗೆ ಕಳುಹಿಸುವುದು ಅದರ ಮೊದಲ ಹೆಜ್ಜೆ.