ಮೆತ್ತನೆಯ ಕರಡಿಗೆ ಗಟ್ಟಿ ಒಡಲು

ಆಟಿಕೆ ಅಂಗಡಿಯಲ್ಲಿ ಟೆಡ್ಡಿ ಕರಡಿಯನ್ನು ಕೈಗೆತ್ತಿಕೊಂಡವರು ಮೊದಲು ಅದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಅದುಮುತ್ತಾರೆ. ಬೆರಳು ಒಳಗಿಳಿದರೆ ಒಳ್ಳೆಯ ಗೊಂಬೆ, ಇಳಿಯದಿದ್ದರೆ ಕಳಪೆ. ಇದೇ ಪರೀಕ್ಷೆಯನ್ನು ಕೈಯಿಂದ ಕರಡಿ ಹೊಲಿಯುವವರ ಮೇಜಿನ ಮೇಲೆ ನಡೆಸಿದರೆ, ಹಳೆಯ ಪದ್ಧತಿಯ ಕರಡಿಗಳು ಒಂದೊಂದಾಗಿ ನಪಾಸಾಗುತ್ತವೆ. ಅವುಗಳ ಮೂತಿ ತಟ್ಟಿದರೆ ಸದ್ದಾಗುವಷ್ಟು ಗಟ್ಟಿ, ಕಾಲುಗಳು ಬಿಗಿ, ಬೆನ್ನು ನೆಟ್ಟಗೆ. ಮಾಡಿದವರಿಗೆ ಮೆತ್ತಗೆ ಮಾಡಲು ಬಾರದೆ ಹಾಗಾಗಿದ್ದಲ್ಲ. ತಪ್ಪಿರುವುದು ಹೆಬ್ಬೆರಳಿನ ಲೆಕ್ಕ. ಅದು ಮೇಲ್ಮೈಯನ್ನೂ ಒಡಲನ್ನೂ ಒಟ್ಟಿಗೆ ಅಳೆದು ಎರಡಕ್ಕೂ ಸೇರಿಸಿ ಒಂದೇ ಅಂಕ ಕೊಡುತ್ತದೆ. ಕರಡಿಯ ವಿಷಯದಲ್ಲಿ ಇವೆರಡೂ ತೀರ ಬೇರೆ. ಚರ್ಮಕ್ಕೆ ಹಿತವಾಗಬೇಕಾದ್ದು ಮೇಲಿನ ಜೂಲು. ಆ ಜೂಲನ್ನು, ಹೊಲಿಗೆಯನ್ನು, ಕೈಕಾಲುಗಳನ್ನು ವರ್ಷಗಟ್ಟಲೆ ಅವುಗಳ ಜಾಗದಲ್ಲಿ ಹಿಡಿದಿಡಬೇಕಾದ್ದು ಒಳಗಿನ ಬಿಗಿತ. ನೂರಿಪ್ಪತ್ತು ವರ್ಷ ಹಳೆಯ ವಿಧಾನವನ್ನು ಕುಶಲಕರ್ಮಿಗಳು ಇಂದಿಗೂ ಬಿಡದಿರುವುದಕ್ಕೆ ಹಳೆಯದರ ಮೇಲಿನ ಮೋಹವೊಂದೇ ಕಾರಣವಲ್ಲ, ಅದರಲ್ಲಿ ಸರಿಯಾದ ಯಂತ್ರಶಾಸ್ತ್ರವಿದೆ ಎಂಬುದು ನನ್ನ ವಾದ.

ಮೊದಲು ಮೇಲ್ಮೈ. ಕೈಕೆಲಸದ ಕರಡಿಗೆ ಹೆಸರಾದ ಬಟ್ಟೆ ಮೊಹೇರ್. ಇದು ಅಂಗೋರಾ ಮೇಕೆಯ ಕೂದಲಿನಿಂದ ನೇಯ್ದದ್ದು. ಟರ್ಕಿಯ ಅಂಕಾರ ಸೀಮೆಯ ಈ ಮೇಕೆ 1838ರಲ್ಲಿ ದಕ್ಷಿಣ ಆಫ್ರಿಕಾ ತಲುಪಿತು. ಇಂದು ಜಗತ್ತಿನ ಮೊಹೇರಿನಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಬರುತ್ತದೆ. ಮರಿಯ ಕೂದಲು ಸುಮಾರು 25 ಮೈಕ್ರಾನ್ ದಪ್ಪ, ಬೆಳೆದ ಮೇಕೆಯದು 40ರ ಹತ್ತಿರ. ಇಲ್ಲೊಂದು ಪ್ರಶ್ನೆ ಏಳುತ್ತದೆ. ಸ್ವೆಟರಿನಲ್ಲಿ 30 ಮೈಕ್ರಾನ್ ದಾಟಿದ ಉಣ್ಣೆಯ ತುದಿಗಳು ಮೈಗೆ ಚುಚ್ಚುತ್ತವೆ, ಅಷ್ಟೇ ದಪ್ಪದ ಮೊಹೇರ್ ಕೂದಲು ಕರಡಿಯ ಮೈಮೇಲೆ ಏಕೆ ಚುಚ್ಚುವುದಿಲ್ಲ? ಉತ್ತರ ಕೂದಲಿನ ಉದ್ದದಲ್ಲಿದೆ. ಬುಡ ಕಚ್ಚಿಕೊಂಡು ನಿಂತ ಕಡ್ಡಿಯ ತುದಿಯನ್ನು ಒತ್ತಿದಾಗ ಅದು ಎಷ್ಟು ಬಲಕ್ಕೆ ಬಾಗಿಬಿಡುತ್ತದೆ ಎಂಬ ಲೆಕ್ಕವನ್ನು ಹದಿನೆಂಟನೆಯ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಹಾಕಿಕೊಟ್ಟಿದ್ದಾನೆ. ದಪ್ಪ ಎರಡು ಪಟ್ಟಾದರೆ ಬೇಕಾಗುವ ಬಲ ಹದಿನಾರು ಪಟ್ಟು, ಉದ್ದ ಎರಡು ಪಟ್ಟಾದರೆ ಬಲ ಕಾಲುಭಾಗ ಸಾಕು. ಸ್ವೆಟರಿನಿಂದ ಒಂದು ಮಿಲಿಮೀಟರ್ ಹೊರಚಾಚಿದ ಮೊಂಡು ತುದಿಗೆ ಹೋಲಿಸಿದರೆ, ಅಷ್ಟೇ ದಪ್ಪದ 15 ಮಿಲಿಮೀಟರ್ ಕೂದಲು 225ರಲ್ಲಿ ಒಂದು ಪಾಲಿನಷ್ಟು ಬಲಕ್ಕೇ ಶರಣಾಗುತ್ತದೆ. ನೋವಿನ ನರ ಎಚ್ಚರಗೊಳ್ಳುವ ಮೊದಲೇ ಕೂದಲು ಬಾಗಿ ಪಕ್ಕಕ್ಕೆ ಸರಿದಿರುತ್ತದೆ. ಮೇಲಾಗಿ ಮೊಹೇರಿನ ಹೊರಪದರದ ಹುರುಪೆಗಳು ಕುರಿ ಉಣ್ಣೆಯವಕ್ಕಿಂತ ಚಪ್ಪಟೆ. ಆದ್ದರಿಂದ ಕೂದಲು ಕೂದಲಿಗೆ ಸಿಕ್ಕಿ ಗಂಟಾಗುವುದು ಕಡಿಮೆ, ಬೆಳಕು ಹೆಚ್ಚು ನೇರವಾಗಿ ಹಿಂತಿರುಗುವುದರಿಂದ ಹೊಳಪೂ ಹೆಚ್ಚು. ಈ ಎಲ್ಲ ಮೃದುತ್ವವೂ ಬಟ್ಟೆಯ ಮೇಲಿನ ಒಂದೆರಡು ಸೆಂಟಿಮೀಟರಿನೊಳಗೆ ಮುಗಿಯುತ್ತದೆ. ಹೊಟ್ಟೆಯೊಳಗೆ ಏನಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಕೈಕಾಲು. ದಕ್ಷಿಣ ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟೆ ಷ್ಟೈಫ್ ಚಿಕ್ಕಂದಿನಲ್ಲೇ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿಯಲ್ಲೇ ಬದುಕಿದ ಹೆಂಗಸು. 1880ರಲ್ಲಿ ಆಕೆ ಫೆಲ್ಟ್ ಬಟ್ಟೆಯಿಂದ ಸೂಜಿ ಚುಚ್ಚಿಡುವ ಪುಟ್ಟ ಆನೆಯೊಂದನ್ನು ಹೊಲಿದಳು, ಅದೇ ಮಕ್ಕಳ ಆಟಿಕೆಯಾಗಿ ಜನಪ್ರಿಯವಾಯಿತು. ಆಕೆಯ ತಮ್ಮನ ಮಗ ರಿಚರ್ಡ್ 1902ರಲ್ಲಿ ಕೈಕಾಲು ಆಡುವ ಕರಡಿಯನ್ನು ರೂಪಿಸಿದ. ಅದರ ಸಂಕೇತ 55 ಪಿಬಿ: 55 ಸೆಂಟಿಮೀಟರ್ ಎತ್ತರ, ಪ್ಲಶ್ ಬಟ್ಟೆ, ಚಲಿಸುವ ಅಂಗಾಂಗ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪಿಯ ಬೇಟೆಯಲ್ಲಿ ಕಟ್ಟಿಹಾಕಿದ ಕರಡಿಗೆ ಗುಂಡು ಹಾರಿಸಲು ಒಪ್ಪದ ಸುದ್ದಿ ಕ್ಲಿಫರ್ಡ್ ಬೆರಿಮನ್‌ನ ವ್ಯಂಗ್ಯಚಿತ್ರವಾಯಿತು. ಬ್ರೂಕ್ಲಿನ್‌ನ ಮಿಕ್ಟಮ್ ದಂಪತಿ ಹೊಲಿದ ಕರಡಿಗೆ ಅಧ್ಯಕ್ಷರ ಮುದ್ದು ಹೆಸರು ‘ಟೆಡ್ಡಿ’ ಅಂಟಿಕೊಂಡಿತು. ಈ ಕಥೆ ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರುವುದು 55 ಪಿಬಿಯ ಗತಿ. ಅದರ ಕೈಕಾಲುಗಳನ್ನು ದಾರದಿಂದ ಕಟ್ಟಲಾಗಿತ್ತು. ಆ ಮಾದರಿಯ ಒಂದೂ ಕರಡಿ ಇಂದು ಉಳಿದಿರುವುದು ಯಾರಿಗೂ ತಿಳಿದಿಲ್ಲ. ದಾರವೆಂದರೆ ಜಗ್ಗುವ, ಸವೆಯುವ ವಸ್ತು, ಮಗು ಪ್ರತಿ ಸಲ ಕೈ ತಿರುಗಿಸಿದಾಗಲೂ ಅದು ಬಟ್ಟೆಗೆ ಉಜ್ಜುತ್ತದೆ. ಮುಂದಿನ ಎರಡು ಮೂರು ವರ್ಷಗಳಲ್ಲೇ ಷ್ಟೈಫ್ ಕಾರ್ಖಾನೆ ದಾರ ಬಿಟ್ಟು ಲೋಹದ ಸರಳಿಗೆ ಬಂತು, ಸರಳು ಬಿಟ್ಟು ರಟ್ಟಿನ ಬಿಲ್ಲೆಗೆ ಬಂತು. ಸರಳಿನ ಕಾಲದ ಕರಡಿಗಳನ್ನು ಸಂಗ್ರಾಹಕರು ಈಗ ಎಕ್ಸ್‌ರೇ ತೆಗೆಸಿ ಗುರುತಿಸುತ್ತಾರೆ. ಬಿಲ್ಲೆಯ ಮೇಲೆ ಮಾತ್ರ ಯಾರೂ ಹೆಚ್ಚೇನೂ ಸುಧಾರಿಸಲಾಗಿಲ್ಲ. 1907ರಲ್ಲಿ ಆ ಕಾರ್ಖಾನೆ 9 ಲಕ್ಷ 74 ಸಾವಿರ ಕರಡಿ ಮಾಡಿದ್ದು ಈ ಕೀಲನ್ನು ನೆಚ್ಚಿಕೊಂಡೇ.

ಕೀಲಿನ ಒಳಗುಟ್ಟು ಸರಳ. ತೋಳಿನ ಒಳಗೊಂದು, ಒಡಲಿನ ಒಳಗೊಂದು ಹಾರ್ಡ್‌ಬೋರ್ಡ್ ಬಿಲ್ಲೆ, ನಡುವೆ ಬಟ್ಟೆಯ ಎರಡು ಪದರ, ಎಲ್ಲವನ್ನೂ ತೂರಿ ಹೋಗುವ ಸ್ಪ್ಲಿಟ್ ಪಿನ್, ಎರಡು ಕೊನೆಯಲ್ಲೂ ವಾಷರ್. ಪಿನ್ನಿನ ಎರಡು ಕಾಲುಗಳನ್ನು ಇಕ್ಕಳದಿಂದ ಎಳೆದು ಹೊರಕ್ಕೆ ಸುರುಳಿ ಸುತ್ತುತ್ತಾರೆ. ಆ ಸುರುಳಿ ಸ್ಪ್ರಿಂಗಿನಂತೆ ವಾಷರನ್ನು ಒತ್ತುತ್ತಲೇ ಇರುತ್ತದೆ. ಎತ್ತಿದ ತೋಳು ಎತ್ತಿದಲ್ಲೇ ನಿಲ್ಲುವುದು ಘರ್ಷಣೆಯಿಂದ. ಘರ್ಷಣೆಯ ಹಿಡಿತ ಒತ್ತುವ ಬಲದ ಮೇಲೂ ಬಿಲ್ಲೆಯ ಅಗಲದ ಮೇಲೂ ನಿಂತಿದೆ, ಆದ್ದರಿಂದ ದೊಡ್ಡ ಬಿಲ್ಲೆ ಹಾಕಿದಷ್ಟೂ ತೋಳು ಚೆನ್ನಾಗಿ ನಿಲ್ಲುತ್ತದೆ. ಕುತ್ತಿಗೆಗೆ ಒಂದು, ಕೈಗೆ ಎರಡು, ಕಾಲಿಗೆ ಎರಡು, ಒಟ್ಟು ಐದು ಕೀಲು. ಆದರೆ ಬಿಲ್ಲೆ ಕೆಲಸ ಮಾಡುವುದು ಅದರ ಹಿಂದೆ ಗಟ್ಟಿ ಆಸರೆ ಇದ್ದರೆ ಮಾತ್ರ. ಸಡಿಲ ಒಡಲಿನಲ್ಲಿ ಬಿಲ್ಲೆ ವಾಲುತ್ತದೆ, ಒತ್ತಡ ಒಂದೇ ಅಂಚಿನ ಮೇಲೆ ಬೀಳುತ್ತದೆ, ತೋಳು ಜೋತುಬೀಳುತ್ತದೆ. ಹಳೆಯವರು ಆರಿಸಿಕೊಂಡ ಆಸರೆ ವುಡ್ ವುಲ್, ಅಂದರೆ ಮರದಿಂದ ಹೆರೆದ ಸಪೂರ ಎಳೆಗಳ ಸಿಂಬಿ. ಇದನ್ನು ಕೋಲಿನಿಂದ ಜಡಿದು ತುಂಬುತ್ತಾರೆ, ಮೂತಿಯ ತುದಿಯಿಂದ ಶುರುಮಾಡಿ ಹಿಂದಕ್ಕೆ. ದಕ್ಷಿಣ ಆಫ್ರಿಕಾದ ವ್ಯಾನ್ ವೈಕ್ 1946ರಲ್ಲಿ ಉಣ್ಣೆಯ ರಾಶಿಯನ್ನು ಅದುಮುವ ಬಗ್ಗೆ ಪ್ರಕಟಿಸಿದ ಸೂತ್ರ ಇಲ್ಲಿ ತುಂಬ ಉಪಯುಕ್ತ. ಎಳೆಗಳ ರಾಶಿ ತಿರುಗಿ ಒತ್ತುವ ಒತ್ತಡ ಅದರ ಸಾಂದ್ರತೆಯ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಅದೇ ಜಾಗಕ್ಕೆ ಎರಡರಷ್ಟು ತುರುಕಿದರೆ ಒತ್ತಡ ಎಂಟರಷ್ಟಾಗುತ್ತದೆ. ಇನ್ನು ಹಿಡಿಸದು ಎನ್ನಿಸಿದ ಮೇಲೂ ಕುಶಲಕರ್ಮಿ ಇನ್ನೊಂದು ಹಿಡಿ ತುರುಕುವುದು ಇದಕ್ಕಾಗಿಯೇ. ಆ ಕೊನೆಯ ಹಿಡಿ ಮೊದಲ ಹಿಡಿಗಿಂತ ಹಲವು ಪಟ್ಟು ಹೆಚ್ಚು ಬೆಲೆಬಾಳುತ್ತದೆ. ಒಳಗಿನ ಒತ್ತಡ ಬಟ್ಟೆಯನ್ನು ಎಲ್ಲ ಕಡೆ ಸಮನಾಗಿ ಎಳೆದಿಡುತ್ತದೆ. ಒತ್ತಡವಿಲ್ಲದಿದ್ದರೆ, ಗಾಳಿ ಕಡಿಮೆಯಾದ ಸೈಕಲ್ ಟೈರಿನ ಮಗ್ಗುಲು ಮಡಿಸಿ ಮಡಿಸಿ ಬಿರಿಯುವ ಹಾಗೆ, ಬಟ್ಟೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಚಿ ಹರಿಯುತ್ತದೆ.

ಇಷ್ಟು ಒತ್ತಡ ತಾಳಬೇಕಾದ್ದರಿಂದ ಕತ್ತರಿ ಮತ್ತು ಸೂಜಿಯ ಕೆಲಸಕ್ಕೂ ಕಟ್ಟುನಿಟ್ಟು ಬರುತ್ತದೆ. ನಮೂನೆಯನ್ನು ಬಟ್ಟೆಯ ಹಿಂಬದಿಯಲ್ಲಿ, ಕೂದಲು ಮಲಗಿರುವ ದಿಕ್ಕು ನೋಡಿ ಬರೆದುಕೊಳ್ಳಬೇಕು. ದಿಕ್ಕು ತಪ್ಪಿದರೆ ಒಂದು ಕಾಲು ಇನ್ನೊಂದಕ್ಕಿಂತ ಕಪ್ಪಾಗಿ ಕಾಣುತ್ತದೆ, ಬಣ್ಣ ಒಂದೇ ಆದರೂ. ಕತ್ತರಿಸುವಾಗ ಕತ್ತರಿಯ ತುದಿಯಿಂದ ತಳದ ನೇಯ್ಗೆಯನ್ನಷ್ಟೇ ಕತ್ತರಿಸಬೇಕು, ಜೂಲು ತುಂಡಾಗಬಾರದು. ಬ್ಯಾಕ್ ಸ್ಟಿಚ್ ಹಾಕಿ ಹೊಲಿದ ಮೇಲೆ ಹೊಲಿಗೆಗೆ ಸಿಕ್ಕಿಬಿದ್ದ ಕೂದಲನ್ನು ಸೂಜಿಯಿಂದ ಮೀಟಿ ಹೊರಗೆಳೆದರೆ ಗೆರೆ ಮಾಯ. ತಲೆಗೆ ಮೂರು ತುಂಡು: ಎರಡು ಕೆನ್ನೆ, ಮೂಗಿನಿಂದ ಕುತ್ತಿಗೆಯವರೆಗೆ ಹೋಗುವ ಒಂದು ನಡುಪಟ್ಟಿ. ಚಪ್ಪಟೆ ಬಟ್ಟೆಯಿಂದ ದುಂಡು ತಲೆ ಹುಟ್ಟುವುದು ಆ ಪಟ್ಟಿಯ ಅಗಲದ ಏರಿಳಿತದಿಂದ. ಕಣ್ಣಿನ ಕೆಲಸವಂತೂ ಒಡಲು ಗಟ್ಟಿಯಿರಲೇಬೇಕೆಂಬುದಕ್ಕೆ ನೇರ ಸಾಕ್ಷಿ. ಗಾಜಿನ ಕಣ್ಣಿನ ಹಿಂದಿರುವ ತಂತಿಯ ಕುಣಿಕೆಗೆ ಮೇಣ ಸವರಿದ ದಾರ ಪೋಣಿಸಿ, ಉದ್ದನೆಯ ಸೂಜಿಯಿಂದ ತಲೆಯ ಇನ್ನೊಂದು ಬದಿಗೆ ಎಳೆದು ಬಿಗಿದಾಗ ಕಣ್ಣು ಒಂದಿಷ್ಟು ಒಳಗೆ ಕೂತು ಗುಳಿಯಾಗುತ್ತದೆ, ಮುಖಕ್ಕೆ ಕಳೆ ಬರುವುದು ಆಗಲೇ. ಪೊಳ್ಳು ತಲೆಯಾದರೆ ಅದೇ ಎಳೆತಕ್ಕೆ ಇಡೀ ಮುಖವೇ ಒಳಗೆ ಕುಸಿಯುತ್ತದೆ.

ಗಟ್ಟಿ ಒಡಲನ್ನು ಅಪ್ಪಿಕೊಳ್ಳಲು ಮಗುವಿಗೆ ಹೇಗೆ ಮನಸ್ಸಾದೀತು ಎಂಬುದು ಸಹಜವಾದ ಆಕ್ಷೇಪ. ಇದಕ್ಕೆ ಒಂದು ಉತ್ತರ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳು ಹಾಲು ಕೊಡುವ ತಂತಿಯ ತಾಯಿಯನ್ನು ಬಿಟ್ಟು ಬಟ್ಟೆಯ ತಾಯಿಯನ್ನೇ ಹೆಚ್ಚು ಹೊತ್ತು ಅವುಚಿಕೊಂಡಿದ್ದವು. ಕ್ರೂರ ಪ್ರಯೋಗ, ಇಂದು ಅಂಥದ್ದಕ್ಕೆ ಅನುಮತಿ ಸಿಗುವುದು ಕಷ್ಟ. ಆ ಬಟ್ಟೆಯ ತಾಯಿಯ ಒಳಗಿದ್ದದ್ದು ಮರದ ದಿಮ್ಮಿ, ಅದರ ಮೇಲೆ ಸ್ಪಂಜಿನ ಹೊದಿಕೆ, ಅದರ ಮೇಲೆ ಟವೆಲ್ ಬಟ್ಟೆ. ಸ್ಪಂಜು ಇತ್ತಲ್ಲ ಎಂದು ಕೇಳಬಹುದು. ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಒಡಲು ದಿಮ್ಮಿಯೇ ಆಗಿದ್ದದ್ದು ಮರಿಗಳಿಗೆ ಅಡ್ಡಿಯಾಗಲಿಲ್ಲ. ಮನುಷ್ಯರ ಕೂದಲಿರುವ ಚರ್ಮದಲ್ಲೂ, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದ ನವಿರಾದ ಸವರುವಿಕೆಗೆ ಸ್ಪಂದಿಸುವ ನಿಧಾನಗತಿಯ ನರಗಳಿವೆ. ಅವು ಓದುವುದು ಮೇಲ್ಮೈಯನ್ನು. ಅಂಗಡಿಯಲ್ಲಿ ಅದುಮಿ ನೋಡುವ ಹೆಬ್ಬೆರಳಾದರೂ ಯಾರದ್ದು? ಕಾಲ ಕಳೆದಂತೆ ಟೆಡ್ಡಿಗಳ ಹಣೆ ದೊಡ್ಡದಾಗಿ ಮೂತಿ ಗಿಡ್ಡವಾದದ್ದನ್ನು ರಾಬರ್ಟ್ ಹಿಂಡ್ ಮತ್ತು ಬಾರ್ಡನ್ 1985ರಲ್ಲಿ ಅಳೆದು ತೋರಿಸಿದರು. ಹತ್ತು ವರ್ಷಗಳ ಬಳಿಕ ಬೇರೆ ಸಂಶೋಧಕರು ಮಕ್ಕಳನ್ನೇ ಕೇಳಿದಾಗ, ನಾಲ್ಕು ವರ್ಷದವರು ಅಂಥ ಎಳೆಮುಖಕ್ಕೆ ವಿಶೇಷ ಒಲವು ತೋರಲಿಲ್ಲ, ಒಲವು ಕಂಡದ್ದು ಆರು, ಎಂಟು ವರ್ಷದವರಲ್ಲಿ. ಕರಡಿಯನ್ನು ಬದಲಿಸುತ್ತ ಬಂದದ್ದು ಹೆಚ್ಚಾಗಿ ಕೊಳ್ಳುವವರ ಅಭಿರುಚಿ, ಮಡಿಲಲ್ಲಿಟ್ಟುಕೊಳ್ಳುವ ಕೂಸಿನದಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ನಾನು ಒಪ್ಪುತ್ತೇನೆ. ವುಡ್ ವುಲ್ ಕರಡಿಯನ್ನು ನೀರಿಗೆ ಹಾಕುವಂತಿಲ್ಲ, ಎಳೆಗಳು ತೇವ ಹಿಡಿದಿಟ್ಟುಕೊಳ್ಳುತ್ತವೆ, ಬಿಲ್ಲೆ ಉಬ್ಬುತ್ತದೆ. ಮೊಹೇರ್ ಕೆರಾಟಿನ್ ಆದ್ದರಿಂದ ಬಟ್ಟೆಹುಳುವಿನ ಮರಿಗೆ ಊಟ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನವರಿಗೆ ಇದು ಸಲ್ಲದು. ಬ್ರಿಟನ್ನಿನ ವೆಂಡಿ ಬಾಸ್ಟನ್ 1948ರಲ್ಲಿ ಕಿತ್ತು ಬರದ ತಿರುಪಿನ ಕಣ್ಣನ್ನೂ 1954ರಲ್ಲಿ ಯಂತ್ರದಲ್ಲಿ ಒಗೆಯಬಹುದಾದ ಕರಡಿಯನ್ನೂ ತಂದದ್ದು ಈ ಕೊರತೆ ಕಂಡೇ. ಒಗೆಯಬೇಕಾದ ಕರಡಿಗೆ ಪಾಲಿಯೆಸ್ಟರ್ ತಿರುಳೇ ಸರಿ. ಆದರೆ ಪಾಲಿಯೆಸ್ಟರನ್ನೂ ಬಿಗಿಯಾಗಿ ತುಂಬಲು ಅಡ್ಡಿಯಿಲ್ಲ, ಸಡಿಲ ತುಂಬುವುದು ಖರ್ಚಿನ ಲೆಕ್ಕಾಚಾರ. ನಮ್ಮ ಕಡೆ ದಿಂಬಿಗೆ ತುಂಬುವ ಬೂರುಗದ ಹತ್ತಿಯ ಬಂಧು ಕಪೋಕ್ ಬ್ರಿಟಿಷ್ ಕರಡಿಗಳ ಹೊಟ್ಟೆಯಲ್ಲಿ ದಶಕಗಟ್ಟಲೆ ಇತ್ತು. ಎಳೆ ಪೊಳ್ಳಾದ್ದರಿಂದ ಹಗುರ, ನೀರು ಹಿಡಿಯದು, ಆದರೆ ಕಾಲಕ್ರಮೇಣ ಪುಡಿಯಾಗುತ್ತದೆ. ಇಲ್ಲಿ ಕರಡಿ ಮಾಡಹೊರಡುವವರು ಅದನ್ನು ಒಡಲಿಗೆ ಬಳಸಿದರೂ ಮೂತಿಗೆ ಮತ್ತು ಬಿಲ್ಲೆಗಳ ಸುತ್ತ ಹೆಚ್ಚು ಗಟ್ಟಿಯಾದ್ದನ್ನೇ ಜಡಿಯುವುದು ಒಳ್ಳೆಯದು. ಮಾರುವ ಯೋಚನೆಯಿದ್ದರೆ ಕಾನೂನಿನ ಮಾತೂ ಬರುತ್ತದೆ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೂ ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಸೂಚಿಕೆಯ ಆಟಿಕೆಗಳಿಗೂ ವಿನಾಯಿತಿಯುಂಟು. ವಿನಾಯಿತಿ ಇದ್ದರೂ ಯುರೋಪಿನ ಮಾನದಂಡದ ಒಂದು ಅಂಕಿಯನ್ನು ಮೇಜಿನ ಮುಂದೆ ಬರೆದಿಟ್ಟುಕೊಳ್ಳಬೇಕು: 6 ಮಿಲಿಮೀಟರಿಗಿಂತ ದೊಡ್ಡ ಕಣ್ಣು 90 ನ್ಯೂಟನ್ ಎಳೆತಕ್ಕೆ, ಅಂದರೆ ಸುಮಾರು 9 ಕಿಲೋ ತೂಕ ಜೋತುಬಿದ್ದರೂ, ಕಿತ್ತುಬರಬಾರದು. ದಾರದಿಂದ ಬಿಗಿದ ಗಾಜಿನ ಕಣ್ಣು ದೊಡ್ಡವರ ಕಪಾಟಿನ ಕರಡಿಗಿರಲಿ. ಮೂರು ವರ್ಷದೊಳಗಿನ ಮಗುವಿನ ಕರಡಿಗೆ ಕಪ್ಪು ದಾರದಲ್ಲಿ ಕಣ್ಣು ಕಸೂತಿ ಹಾಕಿದರಾಯಿತು.